ಗರಗಸದಣ್ಣ ಗಿಡ ನೆಟ್ಟಿದ್ದು

ಊರಿನವರೆಲ್ಲ ಅವನನ್ನು ಗರಗಸದಣ್ಣ ಎಂದೇ ಕರೆಯುತ್ತಿದ್ದರು. ಯಂತ್ರದ ಗರಗಸ ಹಿಡಿದು ಊರ ಹಿಂದಿನ ಗುಡ್ಡ ಬೋಳಿಸಿದವರಲ್ಲಿ ಅವನೇ ಮುಂದಾಳು. ಅಳಿದುಳಿದದ್ದನ್ನು ಬೇಸಿಗೆಯ ಬೆಂಕಿ ತಿಂದಿತ್ತು. ಗರಗಸದ ಸದ್ದಿನಲ್ಲೇ ವಯಸ್ಸು ಕಳೆದು ಅವನ ಕಿವಿ ಮಂದವಾಗಿತ್ತು. ಮನೆಯಲ್ಲಿ ಕುಡಿಯಲು ನೀರು ಕೇಳಿದರೆ ಪಕ್ಕದ ಮನೆಯವರು ತಂದುಕೊಡುವಷ್ಟು ಜೋರು ದನಿ. ಮರದ ಡಿಪೋ ಬಾಗಿಲು ಹಾಕಿದ ಮೇಲೆ ಅವನಿಗೆ ಸಿಕ್ಕ ಕೆಲಸ ಒಂದೇ: ಅದೇ ಗುಡ್ಡದಲ್ಲಿ ಗಿಡ ನೆಡುವುದು. ಅಲ್ಲಿನ ಮೇಸ್ತ್ರಿ ಅವನ ಹೆಂಡತಿ.

"ನಿನ್ನ ಕೈಕೆಳಗೆ ನಾನಾ?" ಎಂದು ಮುಖ ಊದಿಸಿಕೊಂಡ.

"ಮನೇಲಿ ಯಾರ ಕೈಕೆಳಗಿದ್ದೀರಿ ಅಂದ್ಕೊಂಡಿದ್ದೀರಿ?" ಎಂದು ಅವಳು ಗುದ್ದಲಿ ಕೈಗಿತ್ತಳು.

ಮೊದಲ ದಿನ ಉಳಿದವರು ಅರ್ಧ ಸಾಲು ಮುಗಿಸುವಷ್ಟರಲ್ಲಿ ಅವನು ಇಡೀ ಇಳಿಜಾರು ಮುಗಿಸಿ, ಸುಟ್ಟ ಬೊಡ್ಡೆಯೊಂದರ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಹೆಂಡತಿಗೆ ಅನುಮಾನ ಬಂತು. ಒಂದು ಗಿಡ ಕಿತ್ತು ನೋಡಿದಳು. ಬೇರಿನ ಸುತ್ತ ಪ್ಲಾಸ್ಟಿಕ್ ಚೀಲ ಹಾಗೇ ಇತ್ತು.

"ರೀ, ಗಿಡಕ್ಕೆ ಚಡ್ಡಿ ಹಾಕಿಯೇ ನೆಟ್ಟಿದ್ದೀರಲ್ಲ!"

"ಬೇರಿಗೆ ಚಳಿ ಆಗಬಾರದು ಅಂತ..."

ಕೆಲಸದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟೂ ಗಿಡ ಕಿತ್ತು, ಚೀಲ ಹರಿದು, ಮತ್ತೆ ನೆಡುವಷ್ಟರಲ್ಲಿ ಹೊತ್ತು ಮುಳುಗಿತು. "ನನಗೆ ಮಲಗಿದ ಮರ ಗೊತ್ತು ಕಣೇ, ನಿಂತ ಮರದ ವಿಚಾರ ಯಾರು ಹೇಳಿಕೊಟ್ಟಿದ್ದಾರೆ?" ಎಂದು ತನ್ನಷ್ಟಕ್ಕೆ ಗೊಣಗಿದ. ಗುಡ್ಡದ ಆಚೆಗೂ ಕೇಳಿಸಿತು.

ಚಿಗುರು ಕಂಡ ಮೇಲೆ ಮಾತ್ರ ಅವನಿಗೆ ಮನೆಯಲ್ಲಿ ಕಾಲು ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಮೇಕೆಗಳ ಹಿಂಡು ಗಿಡಗಳಿಗೆ ನುಗ್ಗಿತು. ಬೈದ, ಕಲ್ಲೆಸೆದ, ಅವು ಜಪ್ಪಯ್ಯ ಎನ್ನಲಿಲ್ಲ. ಮನೆಗೆ ಓಡಿ ಹಳೆಯ ಗರಗಸ ತಂದು ಚಾಲೂ ಮಾಡಿದ. ಮೇಕೆಗಳು ಬಿದ್ದಂಬೀಳ ಓಡಿದವು. ಆದರೆ ಸದ್ದು ಕೇಳಿ, ಊರಿಗೆ ಹೊಸಬನಾಗಿದ್ದ ಕಾಡಿನ ಗಾರ್ಡು ಓಡಿ ಬಂದ.

"ಇಲ್ಲೂ ಕಡಿಯೋಕೆ ಬಂದ್ರಾ?"

"ಕಡೀತಿಲ್ಲ ಸ್ವಾಮಿ, ಕಾಯ್ತಿದ್ದೀನಿ!"

"ಗರಗಸ ಹಿಡ್ಕೊಂಡಾ?"

ಗಾರ್ಡು ಅವನ ರಟ್ಟೆ ಹಿಡಿದು ಸಸಿಗಳ ಶೆಡ್ಡಿಗೆ ಎಳೆತಂದ. "ಈ ಕಳ್ಳ ಯಾರು ಗೊತ್ತೇನಮ್ಮಾ?"

ಹೆಂಡತಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿದಳು. ಅವನು ಗರಗಸವನ್ನು ಬೆನ್ನ ಹಿಂದೆ ಸರಿಸಿದ.

"ನಮ್ಮ ಯಜಮಾನ್ರು. ಬಿಟ್ಬಿಡಿ ಸಾರ್, ಕಡಿಯೋಕೆ ಅಲ್ಲಿರೋ ಗಿಡ ಒಂದೂ ಇವರ ಮೊಣಕಾಲಿಗೂ ಬರಲ್ಲ."

ಗಾರ್ಡಿಗೂ ನಗು ತಡೆಯಲಾಗಲಿಲ್ಲ.

ಈಗ ಆ ಗಿಡಗಳು ಅವನ ತಲೆ ಮೀರಿವೆ. ಮಧ್ಯಾಹ್ನ ಅವನು ಕೂರುವ ನೆರಳು ಒಬ್ಬರಿಗೆ ಸರಿಯಾಗಿ ಸಾಕು. ಹೆಂಡತಿ ಬಂದರೆ ಸರಿದು ಜಾಗ ಕೊಡುತ್ತಾನೆ, ಅರ್ಧ ಬೆನ್ನನ್ನು ಬಿಸಿಲಿಗೆ ಬಿಟ್ಟು.