ಇಬ್ಬರ ಪಾಲಿನ ಲ್ಯಾಪ್‌ಟಾಪು

ನನ್ನ ಕೈ ಸುಮ್ಮನಿರುವ ಜಾತಿಯದಲ್ಲ. ಚೆನ್ನಾಗಿ ತಿರುಗುತ್ತಿದ್ದ ಫ್ಯಾನನ್ನು ಬಿಚ್ಚಿ ಜೋಡಿಸಿ, ಮಿಕ್ಕ ಸ್ಕ್ರೂಗಳನ್ನು ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆಯ ಪಕ್ಕ ಇಟ್ಟವಳು ನಾನು. ಹಾಗಾಗಿ ಮೊನ್ನೆ ಭಾನುವಾರ ಲ್ಯಾಪ್‌ಟಾಪು ‘ಜಾಗ ಸಾಲದು’ ಎಂದು ಗೊಣಗಿದಾಗ ತೆಪ್ಪಗೆ ಕೂರಲಾಗಲಿಲ್ಲ. ಅದರೊಳಗೆ ಎರಡು ಸಂಸಾರ, ಅಂದರೆ ಯಂತ್ರ ನಡೆಸುವ ಎರಡು ತಂತ್ರಾಂಶ. ಒಂದು ಕಡೆ ವಿಂಡೋಸು, ಇನ್ನೊಂದು ಕಡೆ ಲಿನಕ್ಸು. ವರ್ಷಗಳಿಂದ ಯಾರೂ ಕಾಲಿಡದ ಲಿನಕ್ಸಿನ ಭಾಗವನ್ನು ಅಳಿಸಿ, ಭಲೇ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆ ಲಿನಕ್ಸು ನೀಲಾಳದು. ಗದಗಿನ ಕಡೆಯ ಅವಳೂ ತುಮಕೂರಿನ ನಾನೂ ಓದುವಾಗ ಬೆಂಗಳೂರಿನ ಗೋವಿಂದರಾಜನಗರದ ಒಂದು ಮಹಡಿ ಕೋಣೆಯಲ್ಲಿ ಒಟ್ಟಿಗಿದ್ದೆವು. ಒಬ್ಬೊಬ್ಬರಿಗೆ ಒಂದೊಂದು ಲ್ಯಾಪ್‌ಟಾಪು ಕೊಳ್ಳುವ ಯೋಗ್ಯತೆ ಇರಲಿಲ್ಲವಾಗಿ, ಸೇರಿ ಒಂದು ಹಳೆಯದನ್ನು ತಂದೆವು. ತಂದ ದಿನವೇ ಅವಳು ಅದನ್ನು ಅಣ್ಣತಮ್ಮಂದಿರ ಹೊಲದಂತೆ ಪಾಲು ಮಾಡಿದಳು. “ಈ ಕಡೆ ನಿಂದು, ಆ ಕಡೆ ನಂದು. ನನ್ನ ಕಡೆ ಕೈ ಹಾಕಿದಿ ಅಂದ್ರ ನೋಡು ಮತ್ತ!”

ಪಾಲು ಅಷ್ಟು ಸಲೀಸಾದರೂ ಜಗಳಕ್ಕೆ ಬರವಿರಲಿಲ್ಲ. ಸಂಜೆ ವಿಜಯನಗರದ ಬಸ್‌ಸ್ಟ್ಯಾಂಡ್ ಹತ್ತಿರ ಬೇಯಿಸಿದ ಕಡಲೆಕಾಯಿ ಕೊಳ್ಳುತ್ತಿದ್ದೆವು. ಅವಳು ಶೇಂಗಾ ಎನ್ನುವಳು, ನಾನು ಕಡ್ಲೆಕಾಯಿ ಎನ್ನುವೆ. “ಕಡ್ಲಿ ಬ್ಯಾರೆ, ಶೇಂಗಾ ಬ್ಯಾರೆ. ಅಷ್ಟೂ ತಿಳಿಯಂಗಿಲ್ಲ ನಿಮ್ಮ ಬೆಂಗಳೂರಿನವ್ರಿಗೆ!” ನಾನೇನು ಬೆಂಗಳೂರಿನವಳೇ? ಆದರೂ ಬೆಂಗಳೂರಿನ ಪರವಾಗಿ ವಾದಿಸುತ್ತಿದ್ದೆ. ಅಸಲಿಗೆ ಆ ಕಾಯಿಯೇ ಯಾವುದೋ ಕಾಲದಲ್ಲಿ ಹಡಗು ಹತ್ತಿ ಬಂದ ಪರದೇಶಿ. ಅದಕ್ಕೆ ಹೆಸರಿಡಲು ನಾವಿಬ್ಬರು ಗಂಟಲು ಹರಿದುಕೊಳ್ಳುತ್ತಿದ್ದೆವು. ವಾದ ಮುಗಿಯುವುದರೊಳಗೆ ಪೊಟ್ಟಣದಲ್ಲಿ ಬರೀ ಸಿಪ್ಪೆ ಇರುತ್ತಿತ್ತು.

ಓದು ಮುಗಿದು, ಅವಳು ಕೆಲಸ ಸಿಕ್ಕಿ ಊರಿಗೆ ಹೋದಳು. ಯಂತ್ರ ನನ್ನಲ್ಲೇ ಉಳಿಯಿತು. ಮೊದಮೊದಲು ದಿನಾ ಫೋನು, ಆಮೇಲೆ ಹಬ್ಬಕ್ಕೆ, ಆಮೇಲೆ ಯಾರೋ ಕಳಿಸಿದ ದೀಪದ ಚಿತ್ರವನ್ನು ಅವಳಿಗೂ ದಾಟಿಸುವುದು, ಕೊನೆಗೆ ಅದೂ ಇಲ್ಲ. ಜಗಳವಾಡಿ ಮಾತು ಬಿಟ್ಟಿದ್ದರೆ ರಾಜಿಯಾದರೂ ಆಗಬಹುದಿತ್ತು. ಸುಮ್ಮನೆ ನಿಂತುಹೋದ ಮಾತನ್ನು ಎಲ್ಲಿಂದ ಶುರು ಮಾಡುವುದು?

ಭಾನುವಾರಕ್ಕೆ ಬರುತ್ತೇನೆ. ಲಿನಕ್ಸು ಅಳಿಸಿ ಯಂತ್ರವನ್ನು ಮತ್ತೆ ಚಾಲೂ ಮಾಡಿದರೆ ಕಪ್ಪು ಪರದೆ, ಒಂದೇ ಸಾಲು ಇಂಗ್ಲಿಷು. ಫೋನಿನಲ್ಲಿ ಹುಡುಕಿ ನೋಡಿದರೆ, ವಿಂಡೋಸಿಗೂ ಬಾಗಿಲು ತೆಗೆಯುತ್ತಿದ್ದದ್ದು ಲಿನಕ್ಸಿನ ಕಾವಲುಗಾರನೇ ಅಂತೆ. ನಾನು ಅವನ ಮನೆಯನ್ನೇ ಕೆಡವಿದ್ದೆ. ಒಳಗೆ ನನ್ನ ಪಾಠದ ಟಿಪ್ಪಣಿಗಳಿದ್ದವು, ಆ ಮಹಡಿ ಕೋಣೆಯ ಫೋಟೋಗಳೆಲ್ಲ ಇದ್ದವು. ಇನ್ನೆಲ್ಲೂ ನಕಲಿಲ್ಲ. ಉಪಾಯವೇನೋ ಸುಲಭ: ಯಂತ್ರ ಕಣ್ಣುಬಿಡುವ ಮುಂಚೆ ಬಯಾಸ್ ಎಂಬ ಅದರ ಮೂಲ ಸೆಟ್ಟಿಂಗಿಗೆ ಹೋಗಿ ವಿಂಡೋಸನ್ನು ಮುಂದಕ್ಕೆ ತರಬೇಕು. ಹೋದೆ. ಅದು ಪಾಸ್‌ವರ್ಡ್ ಕೇಳಿತು. ಅಯ್ಯೋ ಶಿವನೇ! ನಾನು ಹಿಂದೊಮ್ಮೆ ಅಲ್ಲಿ ಹೊಕ್ಕು ಏನೋ ಕೆಡಿಸಿದ್ದಕ್ಕೆ “ನಿನ್ನ ಕೈಗೆ ಬೀಗ ಹಾಕಾಕ ಆಗಂಗಿಲ್ಲ, ಇದಕ್ಕರ ಹಾಕ್ತೀನಿ” ಎಂದು ನೀಲಾ ಹಾಕಿದ ಬೀಗ ಅದು.

ಫೋನ್ ಮಾಡಬೇಕು. ಇಷ್ಟು ಕಾಲದ ಮೇಲೆ ಏನೆಂದು? ‘ಹೇಗಿದ್ದೀಯಾ, ನಿನ್ನ ಪಾಲು ಅಳಿಸಿಬಿಟ್ಟೆ’ ಎಂದೇ? ಕಾಫಿ ಕುಡಿದೆ, ಕುಡಿದ ಲೋಟ ತೊಳೆದೆ, ತೊಳೆದ ಲೋಟವನ್ನು ಮತ್ತೆ ತೊಳೆದು ಫೋನ್ ಮಾಡಿದೆ.

“ಏನವಾ, ಬದುಕೀಯೇನು?” ಅದೇ ದನಿ. ತಡವರಿಸುತ್ತಾ ಎಲ್ಲ ಹೇಳಿ ಪಾಸ್‌ವರ್ಡ್ ಕೇಳಿದೆ.

“ನನ್ನ ಮನಿ ಕೆಡವಿದೇನ? ಒಂದು ಮಾತು ಕೇಳಿ ಕೆಡವಬೇಕಿಲ್ಲೇನ!” ಎಂದು ಗದರಿದಳು. ಆಮೇಲೆ ನಕ್ಕಳು. “ದಿನಾ ಯಾತಕ್ಕ ಜಗಳಾಡ್ತಿದ್ವಿ? ಅದನ್ನ ಹಾಕೀನಿ, ನೋಡು.”

ಇಷ್ಟೇ ತಾನೇ ಎಂದು ಫೋನಿಟ್ಟು ‘ಶೇಂಗಾ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದೆ. ಊಹೂಂ. ದೀರ್ಘಕ್ಕೆ ಒಂದು ‘ಎ’ ಸೇರಿಸಿ ಒತ್ತಿದೆ, ತೆಗೆದು ಒತ್ತಿದೆ. ಜಪ್ಪಯ್ಯ ಎಂದರೂ ಇಲ್ಲ. ಯಂತ್ರವೇ ಬೇಸತ್ತು ಮುಖ ತಿರುಗಿಸಿತು. ವರ್ಷಗಟ್ಟಲೆ ಫೋನ್ ಮಾಡದವಳು ಒಂದೇ ಮಧ್ಯಾಹ್ನ ಎರಡನೇ ಸಲ ಮಾಡಿದೆ.

“ಶೇಂಗಾ ಯಾಕ ಹಾಕ್ಲಿ? ಹುಚ್ಚಿ, ನಿನ್ನ ಮಾತು ಹಾಕೀನಿ, ಕಡ್ಲೆಕಾಯಿ. ನನಗ ಹೆಂಗೂ ನೆನಪಿರತೈತಿ. ನಾಳೆ ನಾ ಇಲ್ಲದಾಗ ನಿನಗ ನೆನಪಾಗಬೇಕಲ್ಲ?”

ಯಂತ್ರವನ್ನು ಮತ್ತೆ ಚಾಲೂ ಮಾಡಿ ಅದನ್ನೇ ಒತ್ತಿದೆ. ಬಾಗಿಲು ತೆರೆಯಿತು. ಅಷ್ಟು ದಿನ ಜಗಳವಾಡಿದವಳು ಬೀಗ ಹಾಕುವಾಗ ಸೋತು ನನ್ನ ಪದ ಇಟ್ಟಿದ್ದಳು. ನಾನು ಅವಳ ಪದ ಹುಡುಕುತ್ತಾ ಹೊರಗೇ ನಿಂತಿದ್ದೆ. ಒಳಗೆ, ಯಾವುದು ಮೊದಲು ಏಳಬೇಕೆಂಬ ಪಟ್ಟಿಯ ತಲೆಯಲ್ಲೇ ಅವಳ ಲಿನಕ್ಸಿನ ಹೆಸರು ಇನ್ನೂ ಇತ್ತು, ಮನೆ ಖಾಲಿಯಾದರೂ ಗೇಟಿನಲ್ಲುಳಿದ ಬೋರ್ಡಿನ ಹಾಗೆ. ವಿಂಡೋಸನ್ನು ಮೇಲೆ ತಂದೆ. ಆ ಹೆಸರನ್ನು ಮಾತ್ರ ಅಳಿಸಲಿಲ್ಲ. ನನ್ನ ಕೈ ಸುಮ್ಮನಿದ್ದದ್ದು ಅದೊಂದೇ ಸಲ ಇರಬೇಕು.

ಹೊರಬರುವ ಮುಂಚೆ ಪಾಸ್‌ವರ್ಡ್ ಬದಲಿಸಿದೆ. ಏನೆಂದು ನೀವು ಆಗಲೇ ಊಹಿಸಿರುತ್ತೀರಿ, ಯಾರಿಗೂ ಹೇಳಬೇಡಿ. ದೀರ್ಘಕ್ಕೆ ಎಷ್ಟು ‘ಎ’ ಹಾಕಿದೆನೆಂಬುದು ನನಗೆ ಈಗಲೇ ಅನುಮಾನ. ಮರೆತುಹೋದರೆ ಹೋಗಲಿ, ಕೇಳಲು ನೀಲಾಳಿಗೆ ಫೋನ್ ಮಾಡಬಹುದು.