ಇಂಗಾಲದ ಗುರುತು

ನವಿ ಮುಂಬಯಿಯ ಲ್ಯಾಬೊಂದರಲ್ಲಿ ನನ್ನ ಕೆಲಸ. ಸಕ್ಕರೆಯನ್ನು ಬಿಸಿಯಲ್ಲಿ ಕರಕಾಗಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಕಣಗಳನ್ನು ಮಾಡುತ್ತೇವೆ. ಜೀವಂತ ಕೋಶಗಳು ಅವನ್ನು ನುಂಗುತ್ತವೆ. ನೀಲಿ ಬೆಳಕು ಹಾಯಿಸಿದರೆ ಆ ಕಣಗಳು ಹಸಿರಾಗಿ ಹೊಳೆಯುತ್ತವೆ. ಯಾವ ಕೋಶ ಎಲ್ಲಿಗೆ ಹೋಯಿತು, ಎಲ್ಲಿ ಒಡೆದು ಎರಡಾಯಿತು ಎಂದು ಹಿಂಬಾಲಿಸಬಹುದು. ಅಷ್ಟೇ. ಕಾಯಿಲೆ ವಾಸಿ ಮಾಡುವ ಶಕ್ತಿ ಅವಕ್ಕಿಲ್ಲ. ಇಷ್ಟನ್ನು ಅಪ್ಪನ ತಲೆಗೆ ಹೊಗಿಸಲು ನನ್ನಿಂದಾಗಲಿಲ್ಲ.

ಅಪ್ಪನದು ಕಲ್ಯಾಣ ಸ್ಟೇಷನ್ ಹತ್ತಿರ ಹೋಟೆಲು. ಅವರ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಿತು. ಕೂಡಲೇ ಆಪರೇಷನ್ ಆಗಬೇಕೆಂದರು ಡಾಕ್ಟರು. ಅಪ್ಪ ಒಪ್ಪಲಿಲ್ಲ.

"ನಿನ್ನದು ತಯಾರಾಗ್ತಾ ಉಂಟಲ್ಲ. ಅದಾಗಲಿ."

"ಅದು ಮದ್ದಲ್ಲ ಅಪ್ಪಾ, ಬರೀ ಗುರುತು."

"ಕಳ್ಳನ ಗುರುತು ಸಿಕ್ಕಿದ ಮೇಲೆ ಹಿಡಿಯುವುದು ಎಷ್ಟು ಹೊತ್ತಿನ ಕೆಲಸ ಮಾರಾಯ್ತಿ?"

ಸಾಂಬಾರು ಮುಗಿದರೂ ಪಕ್ಕದ ಹೋಟೆಲಿನಿಂದ ತರಿಸಿ ಬಡಿಸಿದವರಲ್ಲ ಅವರು. ಗಿರಾಕಿಯನ್ನು ಕಾಯಿಸಿ, ಹೊಸದಾಗಿ ಬೇಳೆ ಬೇಯಿಸಿಯೇ ಕೊಡುವವರು. ಕಾಯಿಲೆಗೂ ಅದೇ ಲೆಕ್ಕ ಹಾಕಿದರು. "ನಮ್ಮ ಒಲೆಯಲ್ಲೇ ಬೇಯ್ತಾ ಇರುವಾಗ ಹೊರಗಿನಿಂದ ತರಿಸುವುದುಂಟಾ?" ಎಂದು ನನ್ನ ಬಾಯಿ ಮುಚ್ಚಿಸಿದರು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಬೈದೆ, ಕಾಲು ಹಿಡಿದೆ, ಊಟ ಬಿಟ್ಟೆ. ಎಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಡೊಂಬಿವಿಲಿಯ ನಮ್ಮ ಮನೆಯಲ್ಲಿ ಮಳೆಗಾಲವಿಡೀ ಇದೇ ಜಗಳ.

ಕೊನೆಗೆ ಮೇಲಿನವರ ಅನುಮತಿ ಪಡೆದು ಅಪ್ಪನನ್ನೇ ಲ್ಯಾಬಿಗೆ ಕರೆದೊಯ್ದೆ. ದೀಪ ಆರಿಸಿ, ಮೈಕ್ರೋಸ್ಕೋಪಿನ ಮುಂದೆ ಕೂರಿಸಿದೆ. ನಮ್ಮ ಕಣಗಳನ್ನು ನುಂಗಿದ, ಲ್ಯಾಬಿನಲ್ಲೇ ಬೆಳೆಸಿದ ಕ್ಯಾನ್ಸರ್ ಕೋಶಗಳು ಹಸಿರಾಗಿ ಬೆಳಗುತ್ತಿದ್ದವು.

"ಚಂದ ಉಂಟು," ಎಂದರು. "ಇವು ಯಾವಾಗ ಸಾಯುವುದು?"

"ಸಾಯುವುದಿಲ್ಲ ಅಪ್ಪ. ಬೆಳೆಯುತ್ತವೆ. ಅದನ್ನು ನೋಡುವುದೇ ನಮ್ಮ ಕೆಲಸ."

ತುಂಬಾ ಹೊತ್ತು ಕಣ್ಣು ತೆಗೆಯಲಿಲ್ಲ. ಎದ್ದವರೇ, "ನಾಳೆ ಡಾಕ್ಟರ ಹತ್ರ ಹೋಗುವ," ಎಂದರು.

ಹೋದೆವು. ಅಷ್ಟರಲ್ಲಿ ಲಿವರಿಗೆ ಹಬ್ಬಿಯಾಗಿತ್ತು. ಇನ್ನು ಆಪರೇಷನ್ ಮಾಡಿ ಪ್ರಯೋಜನವಿಲ್ಲ ಎಂದರು ಡಾಕ್ಟರು.

ಠಾಣೆ ನಗರದ ಆ ಆಸ್ಪತ್ರೆಯ ಮೆಟ್ಟಿಲ ಮೇಲೆ, ಹೋಗಿಬರುವವರ ಕಾಲಡಿಯಲ್ಲೇ ಕೂತು ನಾನು ಅತ್ತೆ. ಅಪ್ಪನ ಮೇಲೆ ಸಿಟ್ಟೂ ಬಂದಿತ್ತು, ಆದರೆ ಅವರನ್ನು ಬಿಟ್ಟು ನನಗೆ ಯಾರೂ ಇರಲಿಲ್ಲ. ಅಪ್ಪ ಮಂಡಿ ಹಿಡಿದುಕೊಂಡು ಮೆಲ್ಲಗೆ ಪಕ್ಕದಲ್ಲಿ ಕೂತರು. ತಪ್ಪಾಯಿತು ಎಂದಾದರೂ ಹೇಳಲಿ ಎಂದು ಕಾದೆ.

"ಯಾರಾದರೂ ಕೇಳಿದರೆ ನಾನೇ ತಡ ಮಾಡಿದ್ದು ಅಂತ ಹೇಳು ಮಗಾ," ಎಂದರು. "ನಿನ್ನ ಮದ್ದು ಹಿಡೀಲಿಲ್ಲ ಅಂತ ಜನ ಹೇಳಬಾರದು."