ತಿಂಗಳಿಗೆ ಮೂರು ದಿನದ ರೂಮು

ಭದ್ರಾವತಿಯವರಿಗೆ ಶಿವಮೊಗ್ಗದಲ್ಲಿ ಯಾರೂ ರೂಮು ಕೊಡುವುದಿಲ್ಲ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೆ ಎಂ.ಎ.ಗೆ ಸೇರಿದ ಮೊದಲ ವಾರದಲ್ಲೇ ನನಗೆ ಮನದಟ್ಟಾಯಿತು. ಹಾಸ್ಟೆಲ್‌ನಲ್ಲಿ ದೂರದ ಊರಿನವರಿಗೆ ಮೊದಲು ಅಂದರು. ಸರಿ, ಹೊರಗೆ ಹುಡುಕೋಣ ಎಂದು ಗೇಟು ಗೇಟು ತಟ್ಟಿದರೆ ಎಲ್ಲ ಕಡೆ ಒಂದೇ ಮಾತು. "ಭದ್ರಾವತೀನಾ? ಅಯ್ಯೋ, ಇಲ್ಲೇ ಇದೆಯಲ್ಲಮ್ಮ! ಬಸ್ ಹತ್ತಿದ್ರೆ ಆಯ್ತು. ನಿಂಗ್ಯಾಕೆ ರೂಮು?" ಮನೆ ಇಷ್ಟು ಹತ್ತಿರವಿದ್ದೂ ಹುಡುಗಿ ರೂಮು ಕೇಳುತ್ತಾಳೆಂದರೆ ಇದರಲ್ಲಿ ಏನೋ ಇದೆ ಅನ್ನುವ ಹಾಗೆ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು.

ಏನೂ ಇರಲಿಲ್ಲ. ನನಗೆ ಬೇಕಿದ್ದದ್ದು ಒಂದು ಬಾಗಿಲು, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದದ್ದು. ಭದ್ರಾವತಿ ನ್ಯೂಟೌನಿನ ನಮ್ಮ ಮನೆಯಲ್ಲಿ ಒಳಗಿನ ಕೋಣೆ ಅಣ್ಣನದು. ಮುಂದಿನ ಹಾಲ್ ಅಪ್ಪನದು ಮತ್ತು ಟಿವಿಯದು. ಕಾರ್ಖಾನೆಯ ಯಂತ್ರಗಳ ನಡುವೆ ಆಯುಷ್ಯ ಕಳೆದ ಅಪ್ಪನಿಗೆ ಕಿವಿ ಮಂದ, ಹಾಗಾಗಿ ಟಿವಿಯಲ್ಲಿ ವಾರ್ತೆ ಓದುವವರು ನಮ್ಮ ಮನೆಗೇ ಬಂದು ಕಿರುಚುತ್ತಿದ್ದರು. ಅಡುಗೆಮನೆಯ ಪಕ್ಕದ ಪುಟ್ಟ ಜಾಗದಲ್ಲಿ ಒಂದೇ ಹಾಸಿಗೆಯ ಮೇಲೆ ನಾನೂ ಅಮ್ಮನೂ ಮಲಗುತ್ತಿದ್ದೆವು. ಇತಿಹಾಸದ ಎಂ.ಎ. ಅಂದರೆ ಓದುವುದೇ ಕೆಲಸ. ನಾನು ಓದುತ್ತಿದ್ದದ್ದು ಗ್ಯಾಸ್ ಸಿಲಿಂಡರಿಗೆ ಒರಗಿಕೊಂಡು.

ನನ್ನ ಜೊತೆ ಗೇಟು ತಟ್ಟುತ್ತಿದ್ದವಳು ನನ್ನ ಕ್ಲಾಸಿನವಳೇ, ರಾಯಚೂರಿನ ಕಡೆಯ ಹುಡುಗಿ. ತಡವಾಗಿ ಸೇರಿದ್ದರಿಂದ ಅವಳಿಗೂ ಆ ವರ್ಷ ಹಾಸ್ಟೆಲ್ ಸೀಟು ತಪ್ಪಿತ್ತು. ದುರ್ಗಿಗುಡಿಯ ಒಂದು ಅಡ್ಡರಸ್ತೆಯಲ್ಲಿ 'ರೂಮು ಬಾಡಿಗೆಗಿದೆ' ಎಂಬ ರಟ್ಟು ನೇತಾಡುತ್ತಿದ್ದದ್ದು ಮೊದಲು ಕಂಡದ್ದು ನನಗೆ. ಇದನ್ನು ಇವತ್ತಿಗೂ ಹೇಳುತ್ತೇನೆ, ಕಂಡದ್ದು ನನಗೆ. ಗೇಟು ತೆಗೆದವರು ಅರವತ್ತು ದಾಟಿದ ಅಜ್ಜಿ. ಅವರ ಯಜಮಾನರು ನಿವೃತ್ತ ಸಂಸ್ಕೃತ ಮೇಷ್ಟ್ರು, ಜಗಲಿಯಲ್ಲಿ ಪೇಪರ್ ಓದುತ್ತಾ ಕೂತಿದ್ದರು. ಅಜ್ಜಿ ನನ್ನ ಹೆಸರು ಕೇಳಿದರು, ಊರು ಕೇಳಿದರು, ಅಷ್ಟಕ್ಕೇ ನನ್ನ ಪರೀಕ್ಷೆ ಮುಗಿಯಿತು. ಅವಳನ್ನು ಮಾತ್ರ ಕೂರಿಸಿ, ಅಪ್ಪ ಏನು ಮಾಡ್ತಾರೆ, ಯಾರ ಪೈಕಿ, ಯಾವ ಮಠ ಎಂದು ಒಂದೊಂದಾಗಿ ಕೇಳಿದರು. ಅಪ್ಪ ಶಾಲೆ ಮಾಸ್ತರು, ಮಠ ಇಬ್ಬರದೂ ಒಂದೇ. ಅಜ್ಜಿಯ ಮುಖ ಅರಳಿತು. "ಪಾಪ, ಎಷ್ಟು ದೂರದಿಂದ ಬಂದಿದೀಯ ಮಾರಾಯ್ತಿ" ಎಂದು ಅವಳ ಕೈಗೆ ಮಹಡಿಯ ಬೀಗದ ಕೈ ಕೊಟ್ಟರು.

ನಾನು ಪಕ್ಕದಲ್ಲಿ ನಿಂತು ನಕ್ಕೆ.

ಆಮೇಲಿನ ತಿಂಗಳುಗಳಲ್ಲಿ ನಾನು ಅವಳ ಬಗ್ಗೆ ಹೊಟ್ಟೆಕಿಚ್ಚು ಪಡದ ವಿಷಯ ಒಂದಾದರೂ ಇತ್ತೇ ಎಂದು ಯೋಚಿಸಿದರೆ ನೆನಪಾಗುವುದಿಲ್ಲ. ಅವಳು ತಲೆಗೆ ಸ್ನಾನ ಮಾಡಿ ಒದ್ದೆ ಕೂದಲಲ್ಲೇ ಕ್ಲಾಸಿಗೆ ನಡೆದು ಬರುತ್ತಿದ್ದಳು. ನಾನು ಬೆಳಗ್ಗೆ ಇಸ್ತ್ರಿ ಮಾಡಿದ ಚೂಡಿದಾರವನ್ನು ಬಸ್ಸಿನಲ್ಲಿ ಮುದ್ದೆ ಮಾಡಿಕೊಂಡು ಬರುತ್ತಿದ್ದೆ. ಹೆಂಗಸರಿಗೆ ಟಿಕೆಟ್ಟಿಲ್ಲದ ಸರ್ಕಾರಿ ಬಸ್ಸಿಗೆ ಕಾದರೆ ಮೊದಲ ಪೀರಿಯಡ್ ಹೋಯಿತು ಅಂತಲೇ ಲೆಕ್ಕ. ಪ್ರೈವೇಟ್ ಬಸ್ಸು ಹತ್ತಿದರೆ ಕಂಡಕ್ಟರ್ "ಒಳಗೆ ಹೋಗ್ರಿ, ಜಾಗ ಖಾಲಿ ಇದೆ" ಎಂದು ಕೂಗುತ್ತಾ ನಮ್ಮನ್ನು ಮೂಟೆಯ ಹಾಗೆ ಒಳಗೆ ತಳ್ಳುತ್ತಿದ್ದ. ಸಂಜೆ ಲೈಬ್ರರಿಯಲ್ಲಿ ಒಳ್ಳೆಯ ಪುಸ್ತಕ ಸಿಕ್ಕ ಹೊತ್ತಿಗೇ ನನ್ನ ಬಸ್ಸಿನ ಟೈಮು. ಅವಳು ಅದೇ ಪುಸ್ತಕ ಎತ್ತಿಕೊಂಡು ಕೂತುಬಿಡುತ್ತಿದ್ದಳು. ಒಂದು ಭಾನುವಾರ ಕ್ಲಾಸಿನ ಹುಡುಗಿಯರೆಲ್ಲ ತ್ಯಾವರೆಕೊಪ್ಪಕ್ಕೆ ಹುಲಿ ನೋಡಲು ಹೋಗಿಬಂದರು. ನನಗೆ ಸೋಮವಾರ ಫೋಟೋ ನೋಡಿಯೇ ಗೊತ್ತಾದದ್ದು. "ಯಾಕೆ ಕರೀಲಿಲ್ಲ?" ಎಂದು ಅವಳನ್ನು ಕೇಳಿದರೆ, "ನಿನಗ ಬಸ್ಸಿಂದು ತ್ರಾಸ ಆಗ್ತದಲ್ಲ" ಅಂದಳು. ಹುಲಿ ಯಾರಿಗೆ ಬೇಕಿತ್ತು? ನನ್ನ ಪರವಾಗಿ ಅವಳೇ ತೀರ್ಮಾನ ಮಾಡಿದ್ದು ನನ್ನ ಮೈ ಉರಿಸಿತು.

ಹೀಗಿರುವಾಗ ಒಂದು ದಿನ ಕ್ಲಾಸು ಮುಗಿದ ಮೇಲೆ ಅವಳು ರೂಮಿಗೆ ಹೋಗದೆ ಕಾಲೇಜಿನ ಕಟ್ಟೆಯ ಮೇಲೆ ಮುದುಡಿ ಕೂತಿದ್ದಳು. ಏನೆಂದು ಕೇಳಿದೆ. ಒತ್ತಾಯ ಮಾಡಿದ ಮೇಲೆ ಹೇಳಿದಳು. ಮಹಡಿಗೆ ಹೋಗುವ ಮೆಟ್ಟಿಲು ಒಳಗಿನಿಂದಲೇ ಇದೆ, ದೇವರ ಮನೆಯನ್ನು ದಾಟಿಯೇ ಹತ್ತಬೇಕು. ಮುಟ್ಟಾದರೆ ಮೂರು ದಿನ ಆ ದಾರಿಯಲ್ಲಿ ಓಡಾಡುವಂತಿಲ್ಲ. ರೂಮು ಕೊಡುವಾಗಲೇ ಅಜ್ಜಿ ಹೇಳಿದ್ದರಂತೆ, ಇವಳು ಒಪ್ಪಿದ್ದಳಂತೆ. ಇಷ್ಟು ದಿನ ಇಲ್ಲೇ ಇದ್ದ ದೂರದ ಸಂಬಂಧಿಕರ ಮನೆಗೆ ಹೋಗುತ್ತಿದ್ದಳು. ಈಗ ಅವರಿಗೆ ಬೇರೆ ಊರಿಗೆ ವರ್ಗವಾಗಿತ್ತು. ತಿಂಗಳು ತಿಂಗಳೂ ಕ್ಲಾಸು ಬಿಟ್ಟು ರಾಯಚೂರಿಗೆ ಹೋಗಿಬರುವುದು ಆಗುವ ಮಾತಲ್ಲ. "ಯಾರಿಗ್ಯಾಕ ಹೇಳೂದು ಅಂತ ಸುಮ್ಮನಿದ್ನಿ" ಅಂದಳು.

ನಿಜ ಹೇಳಬೇಕೆಂದರೆ ಮೊದಲು ನನಗೆ ಖುಷಿಯಾಯಿತು. ಆ ರೂಮಿನಲ್ಲೂ ಒಂದು ಹುಳುಕಿದೆಯಲ್ಲ ಎಂಬ ಖುಷಿ. ಆಮೇಲೆ ಅವಳ ಬಿಳಿಚಿಕೊಂಡ ಮುಖ ನೋಡಿ, "ನಮ್ಮನೆಗೆ ಬಾ" ಅಂದೆ. ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆತನ. ಮುಟ್ಟಿನ ಮೈಲಿಗೆ ನಮ್ಮಲ್ಲಿಲ್ಲ. ಅಮ್ಮ ಆ ದಿನಗಳಲ್ಲೂ ಸ್ನಾನ ಮಾಡಿ ಪೂಜೆಗೆ ಕೂರುತ್ತಿದ್ದವಳು.

ಅವಳ ಬಟ್ಟೆಬರೆ ತರಲು ನಾನೇ ದುರ್ಗಿಗುಡಿಗೆ ಹೋದೆ. ಗೇಟಿನಲ್ಲಿ ಅಜ್ಜಿ ತಲೆಯ ಮೇಲೆ ಕೈ ಹೊತ್ತು ನಿಂತಿದ್ದರು. ಅವರ ಕಷ್ಟವೇ ಬೇರೆ. ತಾರಸಿಯ ಮೇಲೆ ನೀರಿನ ಟ್ಯಾಂಕು, ಅದರ ವಾಲ್ವು ಅಲ್ಲೇ ಮೇಲೆ. ಬೆಳಗ್ಗೆ ನಲ್ಲಿಯಲ್ಲಿ ನೀರು ಬಂದ ಕೂಡಲೇ ಯಾರಾದರೂ ಹತ್ತಿ ತಿರುಗಿಸಬೇಕು. ಅಜ್ಜಿಗೆ ಮಂಡಿನೋವು, ಮೇಷ್ಟ್ರಿಗೆ ಹತ್ತಿದರೆ ತಲೆಸುತ್ತು. ಬಾಡಿಗೆಯ ಆಸೆಗಿಂತ ಹೆಚ್ಚಾಗಿ ವಾಲ್ವು ತಿರುಗಿಸಲು ಗಟ್ಟಿ ಕಾಲಿನ ಹುಡುಗಿ ಬೇಕೆಂದೇ ಅವರು ರೂಮು ಕೊಟ್ಟದ್ದು ಎಂದು ನನಗೆ ಆಗ ಹೊಳೆಯಿತು.

"ಇಷ್ಟು ದಿನ ಪಕ್ಕದ ಮನೆ ಹುಡುಗ ಹತ್ತಿ ಕೊಡ್ತಿದ್ದ, ಈಗ ಅವನೂ ಊರಲ್ಲಿಲ್ಲ. ಮೂರು ದಿನ ಇನ್ಯಾರನ್ನ ಹುಡುಕ್ಲಿ ಮಾರಾಯ್ತಿ? ನಾಳೆ ನೀರು ಬರೋ ದಿನ ಬೇರೆ" ಅಂದರು ಅಜ್ಜಿ.

"ನಾನಿರ್ತೀನಿ ಅಜ್ಜಿ" ಅಂದೆ. ಬಾಯಿಂದ ಮಾತು ಬಿದ್ದ ರಭಸಕ್ಕೆ ನನಗೇ ನಾಚಿಕೆಯಾಯಿತು. ಅಜ್ಜಿ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಪೇಪರಿನಿಂದ ತಲೆ ಎತ್ತದೆ, "ನೀರು ತುಂಬಿದ್ರೆ ಸಾಕು" ಅಂದರು.

ಅಮ್ಮನಿಗೆ ಫೋನ್ ಮಾಡಿ ತಿಳಿಸಿ, ಅವಳನ್ನು ಬಟ್ಟೆಬರೆ ಸಮೇತ ಭದ್ರಾವತಿಯ ಬಸ್ಸು ಹತ್ತಿಸಿದೆ. ಹೀಗೆ ಅದಲು ಬದಲು ಶುರುವಾಯಿತು. ತಿಂಗಳಿಗೆ ಮೂರು ದಿನ ಅವಳು ಭದ್ರಾವತಿಯ ನಮ್ಮ ಮನೆಯಲ್ಲಿ, ನಾನು ಅವಳ ರೂಮಿನಲ್ಲಿ. ಮೊದಲ ಸಂಜೆ ಚಿಲಕ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಹಸಿರು ಬಣ್ಣದ ಕಿಟಕಿ, ಒಂದು ಮಂಚ, ಗೋಡೆಯೊಳಗಿನ ಕಪಾಟು. ಕೆಳಗೆ ಜಗಲಿಯಲ್ಲಿ ಮೇಷ್ಟ್ರು ಯಾರಿಗೋ ಪಾಠ ಹೇಳುವ ಸದ್ದು, ಸ್ಕೂಲು ಬಿಟ್ಟ ಮಕ್ಕಳ ಗಲಾಟೆ. ಇಷ್ಟೇ. ಆದರೆ ಅಲ್ಲಿ ಯಾರೂ ನನ್ನನ್ನು ಉಪ್ಪಿನ ಡಬ್ಬಿ ಎತ್ತಿಕೊಡು ಎಂದು ಕರೆಯಲಿಲ್ಲ. ಆ ಮೂರು ದಿನದಲ್ಲಿ ಓದಿದಷ್ಟನ್ನು ನಾನು ಮೂರು ವಾರದಲ್ಲಿ ಓದಿರಲಿಲ್ಲ. ನಾಲ್ಕನೆಯ ದಿನ ಅವಳು ಮಿಂದು ಬಂದಾಗ ಬೀಗದ ಕೈ ಕೊಡಲು ನನ್ನ ಕೈ ಹಿಂಜರಿಯಿತು.

ಅವಳ ತಾರೀಖು ಅವಳಿಗಿಂತ ನನಗೆ ಚೆನ್ನಾಗಿ ನೆನಪಿರುತ್ತಿತ್ತು. ಒಂದೆರಡು ದಿನ ತಡವಾದರೆ ಕ್ಲಾಸಿನ ನಡುವೆಯೇ ಅವಳ ಕಿವಿಯ ಹತ್ತಿರ ಬಗ್ಗಿ "ಇನ್ನೂ ಇಲ್ವಾ?" ಎಂದು ಕೇಳುತ್ತಿದ್ದೆ. ಸೊಸೆಯ ಮುಟ್ಟು ನಿಲ್ಲಲೆಂದು ಕಾಯುವ ಅತ್ತೆಯರನ್ನು ಕಂಡಿದ್ದೇನೆ. ಗೆಳತಿಯ ಮುಟ್ಟು ಬರಲೆಂದು ಕಾದವಳು ಶಿವಮೊಗ್ಗ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ನನ್ನ ಪುಣ್ಯಕ್ಕೆ ನನ್ನದು ಬೇರೆ ವಾರ ಬರುತ್ತಿತ್ತು.

ಬಸ್ಸಿನಲ್ಲಿ ಮೂರು ದಿನ ಜೋತಾಡಿದರೆ ಇವಳಿಗೂ ನನ್ನ ಪಾಡು ತಿಳಿಯುತ್ತದೆ ಅಂದುಕೊಂಡಿದ್ದೆ. ಎಲ್ಲಿಂದ? ಕಂಡಕ್ಟರ್ ಅವಳ ಮುಖ ನೋಡಿ ಯಾರನ್ನೋ ಎಬ್ಬಿಸಿ ಕಿಟಕಿ ಪಕ್ಕ ಸೀಟು ಕೊಟ್ಟನಂತೆ. "ಭಾಳ ಚಲೋ ನಿದ್ದಿ ಬಂತು" ಅಂದಳು. ನನ್ನ ಮುಖದಲ್ಲಿ ಏನು ಕೊರತೆಯಿತ್ತೋ ಕಾಣೆ.

ಇದಾದರೂ ಹೋಗಲಿ. ಮನೆಗೆ ಹಿಂತಿರುಗಿದಾಗಲೆಲ್ಲ ಅಮ್ಮನ ಬಾಯಲ್ಲಿ ಅವಳದೇ ಪುರಾಣ. ಹುಡುಗಿ ಎಷ್ಟು ನಾಜೂಕು, ತಟ್ಟೆ ತಾನೇ ತೊಳೆದಿಡ್ತಾಳೆ, 'ಕಾಕು, ಕಾಕು' ಅಂತ ಹಿಂದೆಮುಂದೆ ಓಡಾಡ್ತಾಳೆ, ಅವರ ಕಡೆ ಚಿಕ್ಕಮ್ಮನಿಗೆ ಹಾಗಂತಾರಂತೆ. ಅವಳಿಗೆ ಅಕ್ಕಿರೊಟ್ಟಿ ಅಷ್ಟಕ್ಕಷ್ಟೆ ಎಂದು ಅಮ್ಮ ಜೋಳದ ಹಿಟ್ಟು ತರಿಸಿ, ಅವಳಿಂದಲೇ ಹೇಳಿಸಿಕೊಂಡು ರೊಟ್ಟಿ ಬಡಿಯಲು ಕಲಿತಳು. ನಾನು ಚಪಾತಿ ಬೇಕೆಂದರೆ "ಇರೋದನ್ನ ತಿನ್ನು" ಅನ್ನುತ್ತಿದ್ದವಳು ಇದೇ ಅಮ್ಮ. ಇನ್ನೊಂದು ಸಂಗತಿ ಕೇಳಿದ ದಿನವಂತೂ ನನಗೆ ಊಟ ಸೇರಲಿಲ್ಲ. ಅವಳು ಓದಲು ಕೂತಾಗ ಅಪ್ಪ ತಾನಾಗಿಯೇ ಟಿವಿ ಆರಿಸಿದರಂತೆ.

"ನಾನು ಎಷ್ಟು ವರ್ಷದಿಂದ ಕೇಳ್ತಿದೀನಿ?" ಎಂದು ಅಮ್ಮನ ಮೇಲೆ ಹಾರಿದೆ.

"ಅವಳು ಹೊರಗಿನ ಹುಡುಗಿ ಕಣೇ. ಅವಳ ಎದುರಿಗೆ ಹಾಗೆಲ್ಲ ಕಿರುಚಿಸಕ್ಕಾಗುತ್ತಾ?" ಅಂದಳು ಅಮ್ಮ. ನಾನು ಒಳಗಿನವಳು, ಆದ್ದರಿಂದ ನನ್ನೆದುರು ಕಿರುಚಿಸಬಹುದು.

ಎರಡನೆಯ ವರ್ಷ ಅವಳಿಗೆ ಹಾಸ್ಟೆಲ್ ಸೀಟು ಸಿಕ್ಕಿತು. ದೂರದವಳಲ್ಲವೇ, ಸಿಗದೆ ಏನು. ಅವಳು ಪೆಟ್ಟಿಗೆ ಕಟ್ಟುತ್ತಿರುವಾಗಲೇ ನಾನು ಕೆಳಗಿಳಿದು ಅಜ್ಜಿಯ ಮುಂದೆ ನಿಂತೆ. ಮತ್ತೆ ಭದ್ರಾವತಿಯ ಮಾತು ಬಂದರೆ ಜಗಳವೇ ಆಗಿಹೋಗಲಿ ಎಂದು ಸಿದ್ಧಳಾಗಿದ್ದೆ. ಮಾತು ಬಂತು, ಆದರೆ ಬೇರೆ ದಿಕ್ಕಿನಿಂದ ಬಂತು.

"ನಿಂಗಾದ್ರೆ ಒಳ್ಳೇದೇ ಆಯ್ತು ಮಾರಾಯ್ತಿ. ಆ ಮೂರು ದಿನ ಎಲ್ಲಿ ಹೋಗ್ಲಿ ಅನ್ನೋ ಚಿಂತೆ ಇಲ್ಲ, ಮನೆ ಇಲ್ಲೇ ಇದೆ. ನೀರು ಬರೋ ದಿನ ಬಿದ್ರೆ ಅವಳನ್ನೇ ಹಾಸ್ಟೆಲಿಂದ ಕರೀತೀನಿ" ಅಂದರು. ಒಂದು ವರ್ಷ ನನ್ನನ್ನು ಎಲ್ಲ ಗೇಟಿನಿಂದ ಹಿಂದೆ ಕಳಿಸಿದ್ದ ನನ್ನೂರು ಕೊನೆಗೆ ನನಗೆ ರೂಮು ಕೊಡಿಸಿತು. ನಾನು ಯೋಚಿಸಲೇ ಇಲ್ಲ, ಆಗಲಿ ಅಜ್ಜಿ ಅಂದೆ.

ಹೊಸದರಲ್ಲಿ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಒದ್ದೆ ಕೂದಲಲ್ಲಿ ಕ್ಲಾಸಿಗೆ ನಡೆದು ಹೋದೆ. ಲೈಬ್ರರಿಯಲ್ಲಿ ಕೊನೆಯವಳಾಗಿ ಕೂತೆ. ಭದ್ರಾವತಿಯಿಂದ ಬರುವ ಜೂನಿಯರ್ ಹುಡುಗಿಯೊಬ್ಬಳು ಗಡಿಯಾರ ನೋಡುತ್ತಾ ಪುಸ್ತಕ ಬಿಟ್ಟು ಎದ್ದಾಗ, ಆ ಪುಸ್ತಕವನ್ನು ನನ್ನ ಕಡೆ ಎಳೆದುಕೊಂಡೆ. ಅವಳು ನನ್ನನ್ನು ನೋಡಿದ ನೋಟ ನನಗೆ ಚೆನ್ನಾಗಿ ಗೊತ್ತಿದ್ದದ್ದೇ. ಹಿತವಾಗಿತ್ತು, ಸುಳ್ಳು ಹೇಳುವುದಿಲ್ಲ.

ಆ ತಿಂಗಳ ಕೊನೆಗೆ ನನ್ನ ಸರದಿ ಬಂತು. ಹುಟ್ಟಿದಾಗಿನಿಂದ ಯಾರೂ ನನ್ನನ್ನು ದೂರ ಕೂರು ಅಂದವರಿರಲಿಲ್ಲ. ಈಗ ಕಾಲೇಜಿನಿಂದ ಬಂದವಳು ಮೆಟ್ಟಿಲ ಕಡೆಗೂ ಹೋಗದೆ, ಅಜ್ಜಿ ನನ್ನ ಬ್ಯಾಗನ್ನು ಕೆಳಗಿಳಿಸಲಿ ಎಂದು ಗೇಟಿನ ಹೊರಗೆ ನಿಂತಿದ್ದೆ. ಪಾಪ, ಮಂಡಿ ಹಿಡಿದುಕೊಂಡು ಅವರೇ ಹತ್ತಿಳಿದರು. ಬ್ಯಾಗನ್ನು ಕೈಗೆ ಕೊಡಲಿಲ್ಲ, ನನ್ನ ಮುಂದೆ ನೆಲದ ಮೇಲಿಟ್ಟು ಹಿಂದೆ ಸರಿದರು. ನನ್ನ ಗೆಳತಿ ಇದನ್ನು ನುಂಗಿಕೊಂಡಿದ್ದು ಹೇಗೋ. ಹೋಗಲಿ, ಮನೆಗೆ ತಾನೆ ಹೋಗುವುದು ಎಂದು ಬಸ್ಸು ಹತ್ತಿದೆ. ಹೊಟ್ಟೆನೋವಿನಲ್ಲಿ ನಿಂತುಕೊಂಡೇ ಪ್ರಯಾಣ ಮಾಡಿದೆ. ಮನೆಗೆ ಹೋಗಲು ಫೋನ್ ಯಾಕೆ ಎಂದು ಫೋನನ್ನೂ ಮಾಡಲಿಲ್ಲ.

ಬಾಗಿಲು ತೆರೆದೇ ಇತ್ತು. ಟಿವಿ ಆರಿತ್ತು. ಅಡುಗೆಮನೆಯ ಪಕ್ಕದ ಹಾಸಿಗೆಯ ಮೇಲೆ ಅಮ್ಮ ಕೂತಿದ್ದಳು, ಅವಳ ಮೊಣಕಾಲಿಗೆ ಒರಗಿ ನೆಲದ ಮೇಲೆ ಆ ರಾಯಚೂರಿನ ಹುಡುಗಿ. ಅಮ್ಮ ಅವಳ ತಲೆಗೆ ಎಣ್ಣೆ ತಟ್ಟುತ್ತಿದ್ದಳು. ಹಾಸ್ಟೆಲ್‌ನಲ್ಲಿ ಯಾರೂ ಯಾರನ್ನೂ ಮೂರು ದಿನ ಹೊರಗೆ ಕಳಿಸುವುದಿಲ್ಲ. ಅವಳು ಬರಬೇಕಾದ ಕಾರಣವೇ ಇರಲಿಲ್ಲ.

"ನಿನ್ನ ವಾರ ಅಲ್ವಲ್ಲ ಇದು?" ಎಂದು ನೇರವಾಗಿ ಕೇಳಿಬಿಟ್ಟೆ.

"ಅಲ್ಲ. ಸುಮ್ಮನ ಬಂದೆ. ಕಾಕು ಬಾ ಅಂದ್ರು" ಅಂದಳು ಅವಳು, ಏಳಲು ಹೋಗುತ್ತಾ. "ನೀ ಬಂದಿ ಅಂದ್ರ ಜಾಗ ಸಾಲೂದಿಲ್ಲ. ನಾ ಹಾಸ್ಟೆಲ್‌ಗೆ ಹೋಗ್ತೀನಿ."

ಅಮ್ಮ ಅವಳ ಭುಜ ಒತ್ತಿ ಕೂರಿಸಿದಳು. "ಸುಮ್ನಿರು, ಅರ್ಧ ತಲೆಗೆ ಎಣ್ಣೆ ಹಚ್ಕೊಂಡು ಎಲ್ಲಿ ಹೋಗ್ತೀಯ? ಹೇಗೋ ಹೊಂದಿಸ್ಕೊಂಡ್ರಾಯ್ತು." ಆಮೇಲೆ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಬೇಸರವೇನೂ ಇರಲಿಲ್ಲ. ನಿಜವಾಗಿಯೂ ಸಂತೋಷವೇ ಇತ್ತು, ಮನೆಗೆ ಯಾರಾದರೂ ಬಂದಾಗ ಆಗುವಂಥ ಸಂತೋಷ.

"ಬಾ ಬಾ, ಕೂತ್ಕೋ. ಒಂದು ಫೋನ್ ಮಾಡಿದ್ರೆ ಏನಾದ್ರೂ ಮಾಡಿಟ್ಟಿರ್ತಿದ್ನಲ್ಲ" ಅಂದಳು. "ಈಗ ಏನು ತಗೋತೀಯ, ಕಾಫಿನೋ ಟೀನೋ?"

ಇಷ್ಟು ವರ್ಷ ಅಮ್ಮ ನನ್ನನ್ನು ಈ ಮಾತು ಕೇಳಿದವಳಲ್ಲ. ಲೋಟ ಮುಂದಿಡುತ್ತಿದ್ದಳು, ನಾನು ಕುಡಿಯುತ್ತಿದ್ದೆ.

"ಯಾವುದಾದ್ರೂ ಪರವಾಗಿಲ್ಲ" ಅಂದೆ, ಬ್ಯಾಗನ್ನು ಇನ್ನೂ ಕೈಯಲ್ಲೇ ಹಿಡಿದುಕೊಂಡು.